ಹೆಸರು ತೆಗೆದ ರಕ್ತ

ಸೊಲ್ಲಾಪುರದ ಸರಕಾರಿ ದವಾಖಾನೆಯ ಲ್ಯಾಬಿನಲ್ಲಿ ದ್ವಾರಕಾಬಾಯಿ ಹದಿನೆಂಟು ವರ್ಷದಿಂದ ರಕ್ತ ಪರೀಕ್ಷೆ ಮಾಡುತ್ತಿದ್ದರು. ಅವರ ಕೈ ಹಗುರ. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲವೆಂದು ಬಸುರಿ ಹೆಂಗಸರು ಅವರ ಮುಂದೆಯೇ ಸಾಲು ಹಚ್ಚುತ್ತಿದ್ದರು. ೧೯೯೮ರ ಮಳೆಗಾಲದಲ್ಲಿ ಹೊಸದೊಂದು ಕೆಲಸ ಬಂತು. ಬಸುರಿಯರ ಮಾಮೂಲು ಪರೀಕ್ಷೆಯಲ್ಲಿ ಉಳಿದ ರಕ್ತದ ಸೀಸೆಯಿಂದ ಹೆಸರಿನ ಚೀಟಿ ಕಿತ್ತು, ನಂಬರು ಅಂಟಿಸಿ, ಎಚ್‌ಐವಿ ಇದೆಯೇ ಎಂದು ನೋಡಬೇಕು. ನಂಬರಿನ ಪಕ್ಕ ವಯಸ್ಸು, ಎಷ್ಟನೆಯ ಬಸಿರು, ಗಂಡನ ಕೆಲಸ. ಅಷ್ಟೇ; ಯಾರ ರಕ್ತವೆಂದು ಯಾರಿಗೂ ತಿಳಿಯಬಾರದು.

"ಚೊಚ್ಚಲ ಬಸುರಿ, ಇಪ್ಪತ್ತರ ಒಳಗಿನಾಕಿ ಇದ್ರ ಲಕ್ಷ್ಯ ಇಡ್ರಿ," ಎಂದಿದ್ದರು ಡಾಕ್ಟರ್ ಅಮೋಗಸಿದ್ಧ. "ಅಂಥಾಕಿಗೆ ರೋಗ ಹತ್ತೇದ ಅಂದ್ರ ಈಗೀಗ ಹತ್ತಿದ್ದು. ಜಿಲ್ಲಾದಾಗ ಹೊಸದಾಗಿ ಎಷ್ಟು ಹೆಣಮಕ್ಕಳಿಗೆ ಬಂದದ ಅನ್ನೂ ಅಂದಾಜು ಅವರಿಂದನ ಸಿಗತದ."

ಮೂರನೆಯ ವಾರ ಒಂದು ನಂಬರಿನ ರಕ್ತ ಬಣ್ಣ ತಿರುಗಿತು, ಅಂದರೆ ಎಚ್‌ಐವಿ ಇದೆ. ಮತ್ತೆ ಮಾಡಿದರು, ಮತ್ತೆ ತಿರುಗಿತು. ವಯಸ್ಸು ಹತ್ತೊಂಬತ್ತು, ಚೊಚ್ಚಲು, ಗಂಡ ಲಾರಿ ಡ್ರೈವರ್. ಸೋಮವಾರದ ರಕ್ತ.

ದ್ವಾರಕಾಬಾಯಿಗೆ ಕೂಡಲೇ ಒಂದು ಮುಖ ನೆನಪಾಯಿತು. ಆ ಸೋಮವಾರ ಬಂದಿದ್ದ ಲಾರಿ ಡ್ರೈವರನ ಹೆಂಡತಿ, ಅಕ್ಕಲಕೋಟ ತಾಲೂಕಿನ ತಡವಳದ ಶ್ರದ್ಧಾ. "ನನ್ನ ರಕ್ತದಾಗ ಗಂಡೋ ಹೆಣ್ಣೋ ಗೊತ್ತಾಗತದೇನ್ರಿ ಬಾಯಾರ?" ಎಂದು ಕೇಳಿ ತಾನೇ ನಕ್ಕ ಹುಡುಗಿ.

ಡಾಕ್ಟರಿಗೆ ಹೇಳಿದರು. "ಹೆಸರು ತಗದ ಮ್ಯಾಲೆ ಅದು ಯಾರ ರಕ್ತಾನೂ ಅಲ್ಲ, ಬಾಯಾರ," ಎಂದರು ಅವರು. "ನಾವು ಹುಡಿಕ್ಕೋತ ಹೋದ್ರ ನಾಳಿಂದ ಒಬ್ಬಾಕೀನೂ ದವಾಖಾನಿ ಕಟ್ಟಿ ಹತ್ತೂದಿಲ್ಲ."

"ಮತ್ತ ಅಕಿ ಹೊಟ್ಟ್ಯಾಗಿನ ಕೂಸು?"

ಡಾಕ್ಟರು ಮುಂದಿನ ಬಸುರಿಯನ್ನು ಒಳಗೆ ಕರೆದರು.

ಅಂದಿನಿಂದ ಆ ನಗು ಬೆನ್ನು ಹತ್ತಿತು. ಚಪಾತಿ ಲಟ್ಟಿಸುವಾಗ ಕೇಳುತ್ತಿತ್ತು, ದೇವರ ಮುಂದೆ ಕಣ್ಣು ಮುಚ್ಚಿದರೆ ಕೇಳುತ್ತಿತ್ತು. ಈಗ ಐದು ತುಂಬಿರಬೇಕು, ಈಗ ಆರು ಎಂದು ತಮಗೇ ಗೊತ್ತಿಲ್ಲದೆ ಎಣಿಸುತ್ತಿದ್ದರು. ಒಂದು ಭಾನುವಾರ ತಡೆಯಲಾರದೆ ತಡವಳದ ಬಸ್ಸು ಹತ್ತಿದರು.

ಶ್ರದ್ಧಾ ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದಳು. "ಅತ್ತೀ, ದವಾಖಾನಿ ಬಾಯಾರು ಬಂದಾರ!" ಎಂದು ಕೂಗಿದಳು. ಅತ್ತೆ ಸೋನಾಬಾಯಿ ಹೊರಗೆ ಬಂದು, "ಬರ್ರಿ ಅಕ್ಕಾರ, ಕುಂದರ್ರಿ," ಎಂದು ಚಾಪೆ ಹಾಸಿ ಚಹಾ ಕೊಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಅತ್ತೆಯ ಮುಂದೆ ಆಡುವಂತಿರಲಿಲ್ಲ. "ಹೊಸಾ ತಪಾಸಣಿ ಒಂದದ," ಎಂದಷ್ಟೇ ಹೇಳಿದರು. "ಎಚ್‌ಐವಿದು. ಹೆಸರು ಹೇಳಿ ಮಾಡಿಸ್ಕೊಳ್ಳೂದು. ಮನಸಿದ್ರ ಗಂಡನ್ನ ಕರಕೊಂಡು ಬಾ, ತಂಗಿ."

ಬುಧವಾರ ಇಬ್ಬರೂ ಬಂದರು. ಡಾಕ್ಟರು ದ್ವಾರಕಾಬಾಯಿಯ ಮುಖವನ್ನೊಮ್ಮೆ ನೋಡಿದರು. ದಂಪತಿಗೆ ಎಲ್ಲ ತಿಳಿಸಿ ಒಪ್ಪಿಗೆ ಪಡೆದರು.

ಬಣ್ಣ ತಿರುಗಲಿಲ್ಲ. ಶ್ರದ್ಧಾಳದೂ ಇಲ್ಲ, ಗಂಡನದೂ ಇಲ್ಲ. ದ್ವಾರಕಾಬಾಯಿ ಮೂರು ಸಲ ಮಾಡಿ ನೋಡಿದರು. ದೇವರೇ ಎಂದು ಕೈ ಮುಗಿದು ಪಡಸಾಲೆಗೆ ಬಂದರು.

ಹಾಗಾದರೆ ಆ ನಂಬರಿನವಳು ಯಾರು?

ಆ ಸೋಮವಾರ ಹತ್ತೊಂಬತ್ತರ ಇನ್ನೊಬ್ಬಳು, ಇನ್ನೊಬ್ಬ ಡ್ರೈವರನ ಹೆಂಡತಿ, ಇದೇ ಸ್ಟೂಲಿನ ಮೇಲೆ ಕೂತು ತೋಳು ಚಾಚಿದ್ದಳು. ನಕ್ಕಿರಲಿಲ್ಲ, ಮಾತಾಡಿರಲಿಲ್ಲ, ತಾವು ಮುಖ ಎತ್ತಿ ನೋಡಿರಲೂ ಇಲ್ಲ. ಎಷ್ಟು ನೆನೆದರೂ ಒಂದು ತೋಳಷ್ಟೇ ಕಣ್ಣಿಗೆ ಬರುತ್ತಿತ್ತು. ಅದೂ ಅವಳದೋ ಅಲ್ಲವೋ.

ಮರುದಿನದಿಂದ ಸಾಲಿನಲ್ಲಿ ಬಂದ ಪ್ರತಿಯೊಬ್ಬಳಿಗೂ ತಗ್ಗಿದ ದನಿಯಲ್ಲಿ ಹೊಸ ತಪಾಸಣೆಯ ಅದೇ ಮಾತು ಹೇಳತೊಡಗಿದರು. ಕೆಲವರು ಬೈದರು. ವರ್ಷ ಮುಗಿಯುವುದರೊಳಗೆ ಒಂಬತ್ತು ಮಂದಿ ಹೆಸರು ಹೇಳಿ ಪರೀಕ್ಷೆ ಮಾಡಿಸಿಕೊಂಡರು. ಇಬ್ಬರಿಗೆ ಇತ್ತು. ಒಬ್ಬಳಿಗೆ ಮೂವತ್ತು ದಾಟಿತ್ತು, ಇನ್ನೊಬ್ಬಳಿಗೆ ಅದು ಮೂರನೆಯ ಬಸಿರು; ಇಬ್ಬರೂ ಅವಳಲ್ಲ. ಅಂದಾಜಿನ ವರದಿ ಮುಂಬಯಿಗೆ ಹೋಯಿತು.

ಮುಂದಿನ ಬೇಸಿಗೆಯಲ್ಲಿ ಸೊಲ್ಲಾಪುರದ ಬಸ್‌ ಸ್ಟ್ಯಾಂಡಿನಲ್ಲಿ ಎಳೆಗೂಸು ಎತ್ತಿಕೊಂಡ ಹರೆಯದ ತಾಯಂದಿರು ಕಂಡರೆ ದ್ವಾರಕಾಬಾಯಿಯ ಕಾಲು ನಿಲ್ಲುತ್ತಿತ್ತು. ಬಗ್ಗಿ ಮೊದಲು ತಾಯಿಯ ಮುಖ, ಆಮೇಲೆ ಕೂಸಿನ ಮುಖ ನೋಡುತ್ತಿದ್ದರು. "ಬಾಯಾರಿಗಿ ಕೂಸು ಅಂದ್ರ ಭಾಳ ಜೀವ ನೋಡು," ಎಂದು ನಕ್ಕು ತಾಯಂದಿರು ಕೂಸನ್ನು ಕೊಡುತ್ತಿದ್ದರು. ಬಸ್ಸು ಬರುವವರೆಗೂ ದ್ವಾರಕಾಬಾಯಿ ಅದನ್ನು ಎತ್ತಿಕೊಂಡು ನಿಲ್ಲುತ್ತಿದ್ದರು.