ಹದಿನಾಲ್ಕನೇ ಮಹಡಿಯ ಹೊಸ್ತಿಲು

ಸ್ವಂತ ಕೈಯಿಂದ ನೆಲ ಒರೆಸಿ ಸಾಹುಕಾರರಾದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಕೈ ಎತ್ತಿ. ಸೊಂಟ ಹಿಡಿದುಕೊಂಡಿರುವ ಕೈಯಾದರೂ ಪರವಾಗಿಲ್ಲ.

ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಈಚೆಗಷ್ಟೇ ಕಲಿತೆ. ಒತ್ತಕ್ಷರ ತಪ್ಪಿದರೆ ಬೈಯಬೇಡಿ, ನನ್ನ ಬೆರಳು ದಪ್ಪ.

ಮೈಸೂರಿನ ಮನೆ ಬಾಡಿಗೆಗೆ ಕೊಟ್ಟು ಠಾಣೆ ಎಂಬ ಮರಾಠಿ ಊರಿಗೆ, ಘೋಡಬಂದರ್ ರಸ್ತೆಯಲ್ಲಿರುವ ಮಗಳು ಸುಮಾಳ ಫ್ಲ್ಯಾಟಿಗೆ ಬಂದೆ. ಇಲ್ಲಿ ಕಿಟಕಿ ತೆಗೆದರೆ ಕಾಗೆಯ ಬೆನ್ನು ಕಾಣುತ್ತದೆ. ಅಷ್ಟು ಎತ್ತರ. ಮೈಸೂರಿನಲ್ಲಿ ಕೆಲಸದವಳು ಬರುವ ಮೊದಲೇ ಅರ್ಧ ಕೆಲಸ ನಾನೇ ಮುಗಿಸಿ ಅವಳಿಗೆ ಕಾಫಿ ಬೆರೆಸಿಡುತ್ತಿದ್ದೆ. ಇಲ್ಲಿ ಕೆಲಸಕ್ಕೆ ಬರುವ ಹೆಂಗಸಿಗೆ 'ಬಾಯಿ' ಎನ್ನುತ್ತಾರೆ. ನಮ್ಮ ಬಾಯಿ, ಕಾಶೀಬಾಯಿ, ಬಂದರೆ ಬಿರುಗಾಳಿ ಬಂದಂತೆ. ನಾನು ಕಾಲು ಎತ್ತಿ ಸೋಫಾದ ಮೇಲೆ ಕೂರಬೇಕು. ಎರಡು ದಿನ ಅವಳೊಂದಿಗೆ ಹರಕು ಹಿಂದಿಯಲ್ಲಿ ಒದ್ದಾಡಿದೆ. ಮೂರನೆಯ ದಿನ, "ಅಜ್ಜೀ, ಕಾಲ್ ಸರಸ್ರಿ," ಎಂದಳು. ವಿಜಯಪುರದ ಕಡೆಯವಳಂತೆ.

ಆದರೆ ನನಗೊಂದು ಸಂಕಟ. ಮದುವೆ ಮಾಡಿಕೊಟ್ಟ ಮಗಳ ಮನೆಯಲ್ಲಿ ಬಿಟ್ಟಿ ಉಣ್ಣಬಾರದೆಂದು ನಮ್ಮಮ್ಮ ನನ್ನ ಮನೆಯಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ನಾನೋ ಮೂರು ಹೊತ್ತು ಸೋಫಾ ಮೇಲೆ. ಅಷ್ಟರಲ್ಲಿ ಮೊಬೈಲಿನಲ್ಲಿ ಒಬ್ಬ ಟೈ ಕಟ್ಟಿಕೊಂಡ ಹುಡುಗ, ಮನೆಗೆಲಸ ನೀವೇ ಮಾಡಿ, ಆ ದುಡ್ಡು ಹೂಡಿ, ಕೋಟ್ಯಧೀಶರಾಗಿ ಎಂದ. ನನಗೆ ಜ್ಞಾನೋದಯವಾಯಿತು.

ಸುಮಾ ಆಫೀಸಿಗೆ ಹೋದಮೇಲೆ ಕಾಶೀಬಾಯಿಗೆ, "ನಾಳೆಯಿಂದ ಬರಬೇಡಮ್ಮ," ಎಂದೆ.

"ಅಕ್ಕಾರ್ ಹೇಳ್ಯಾರೇನ್ರಿ?"

"ನಾನು ಅಕ್ಕಾರ್ ಅಮ್ಮ ಕಣೆ."

ಮರುದಿನ ಶುಕ್ರವಾರ. ಹೊಸ್ತಿಲಿಗೆ ಬರೀ ಒದ್ದೆ ಬಟ್ಟೆ ಸವರಿದರೆ ಲಕ್ಷ್ಮಿ ಬಂದಾಳೆಯೇ? ಮೈಸೂರಿನಂತೆ ಎರಡು ಬಕೆಟ್ ನೀರು ಹುಯ್ದು, ಪೊರಕೆಯಲ್ಲಿ ಹೊರಕ್ಕೆ ತಳ್ಳಿದೆ. ಅಲ್ಲಿ ಹೊಸ್ತಿಲ ಮುಂದೆ ಚರಂಡಿ. ಇಲ್ಲಿ ಲಿಫ್ಟು. ನೀರು ಸದ್ದಿಲ್ಲದೆ ಅದರ ಬಾಗಿಲ ಸಂದಿಯಲ್ಲಿ ಇಳಿಯಿತು, ಸ್ವಲ್ಪ ಹೊತ್ತಿಗೆ ಲಿಫ್ಟು ಕೆಟ್ಟು ನಿಂತಿತು. ಕಟ್ಟಡದ ಸೊಸೈಟಿಯ ಸೆಕ್ರೆಟರಿ ಬಂದು ಮರಾಠಿಯಲ್ಲಿ ಏನೇನೋ ಅಂದರು. ಒಂದು ಮಾತೂ ಗೊತ್ತಿರಲಿಲ್ಲ, ಎಲ್ಲವೂ ಅರ್ಥವಾಯಿತು. ರಿಪೇರಿ ಖರ್ಚು ನಮ್ಮ ತಲೆಗೆ ಬಂತು. ನಾನು ಹೂಡಬೇಕೆಂದಿದ್ದ ದುಡ್ಡು ನೀರಿನ ಹಿಂದೆಯೇ ಇಳಿದುಹೋಯಿತು.

ಎದುರು ಮನೆಗೂ ಕೆಲಸಕ್ಕೆ ಬರುವ ಕಾಶೀಬಾಯಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಳು. "ನನ್ನ ಬಿಡಿಸಿದ್ದು ಇರ್ಲಿ ಬಿಡ್ರೀ ಅಜ್ಜಿ, ಲಿಫ್ಟನ್ನ ಯಾಕ ಬಿಡಿಸಿದ್ರಿ?"

"ಹೊಸ್ತಿಲು ತೊಳೆದೆ ಕಣೆ."

"ಹೊಲಕ್ಕ ನೀರ್ ಬಿಟ್ಟಂಗ ಬಿಟ್ಟೀರಲ್ರಿ."

"ನಾಳೆಯಿಂದ ಬರ್ತೀಯಾ?"

"ಈ ಸಲ ಅಕ್ಕಾರ್ನ ಕೇಳೇ ಬರ್ತೀನ್ರಿ," ಎಂದು ಹೋದಳು.

ಸಂಜೆ ಸುಮಾ ಒಂದು ಕೈಯಲ್ಲಿ ಚಪ್ಪಲಿ ಹಿಡಿದು, ಇನ್ನೊಂದರಲ್ಲಿ ಮೊಬೈಲು ಕಿವಿಗೊತ್ತಿಕೊಂಡು ಹತ್ತಿ ಬಂದು ಕುಸಿದಳು. "ಯಾಕಮ್ಮ ಅವಳನ್ನ ಬಿಡಿಸ್ದೆ?"

"ಮಗಳ ಮನೇಲಿ ಬಿಟ್ಟಿ ಅನ್ನ ನಂಗೆ ಇಳಿಯಲ್ಲ ಕಣೆ. ಕೆಲಸ ಮಾಡಿ ತಿಂತೀನಿ. ಇಲ್ಲಾಂದ್ರೆ ಮೈಸೂರಿಗೆ ರೈಲು ಹತ್ತಿಸ್ಬಿಡು."

ಹಾಗಂದೆನೇ ಹೊರತು, ಮೈಸೂರಿನ ಮನೆಯಂಗಳದಲ್ಲಿ ಈಗ ಬಾಡಿಗೆಯವರ ಬಟ್ಟೆ ಒಣಗುತ್ತಿದೆ. ಅಲ್ಲಿಗೆ ಹೋದರೂ ನಾನು ನೆಂಟಳೇ.

ಸುಮಾ ಒಂದು ಲೋಟ ನೀರು ಕುಡಿದು ಮೊಬೈಲು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. "ಸರಿ, ಕೆಲಸಕ್ಕೇ ಇರು. ಆದ್ರೆ ಕೆಲಸದೋರು ನನ್ನ ಸಾರಿಗೆ ಉಪ್ಪು ಕಮ್ಮಿ ಅನ್ನಂಗಿಲ್ಲ, ಇನ್ನೂ ಯಾಕೆ ಬರ್ಲಿಲ್ಲ ಅಂತ ಆಫೀಸಿಗೆ ಫೋನ್ ಮಾಡಂಗಿಲ್ಲ. ಅದಕ್ಕೆಲ್ಲ ಅಮ್ಮನೇ ಆಗಿರ್ಬೇಕು. ಯಾವ್ದಾಗ್ತೀಯ ಬೇಗ ಹೇಳು, ಕಾಶೀಬಾಯಿ ಲೈನಲ್ಲಿ ಕಾಯ್ತಿದಾಳೆ."