ಮೊದಲ ಚಮಚ ಅತ್ತೆಗೆ

ಕೇಕಕ್ಕನಿಗೆ ರುಚಿ ಗೊತ್ತಾಗುವುದಿಲ್ಲ. ವಾಸನೆಯೂ ತಿಳಿಯುವುದಿಲ್ಲ. ಸಕ್ಕರೆ, ಉಪ್ಪು, ಸುಟ್ಟದ್ದು, ಹಳಸಿದ್ದು ಯಾವುದೇ ಆದರೂ ಅವರ ನಾಲಿಗೆಗೆ ಅದು ಬಿಸಿ ಇಲ್ಲವೇ ತಣ್ಣಗೆ, ಗಟ್ಟಿ ಇಲ್ಲವೇ ಮೆತ್ತಗೆ. ಅಷ್ಟೆ. ಅವರ ಕಸುಬು ಮನೆಯಲ್ಲೇ ಚಾಕೊಲೇಟ್ ಕೇಕು ಮಾಡಿ ಮಾರುವುದು.

ಇನ್ನೂ ಬೆಳಕು ಹರಿದಿಲ್ಲ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ದೀಪ ಉರಿಯುತ್ತಿದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಪೈಪು ಕೈಗೆ ಸಿಗುತ್ತದೆ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಅಡ್ಡ ತಿರುಗಿ ದಾಟಬೇಕು. ಬೆಣ್ಣೆ, ಸಕ್ಕರೆ ಕಲಸುವ ಯಂತ್ರದ ಕೆಳಗೆ ಹಳೆಯ ಟವೆಲ್ ಮಡಿಸಿಟ್ಟಿದ್ದಾರೆ. ಇಲ್ಲದಿದ್ದರೆ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಾರಸಿ ಕುಟ್ಟುತ್ತಾರೆ. ಬೆಣ್ಣೆ ಬೆಳ್ಳಗಾಗಿ ನೊರೆಯಾದ ಮೇಲೆ ಮೊಟ್ಟೆ, ಆಮೇಲೆ ಹಿಟ್ಟು. ಕೋಕೋ ಪುಡಿಯನ್ನು ಬಿಸಿ ಕಾಫಿಯಲ್ಲಿ ಕದಡಿ ಸುರಿಯುತ್ತಾರೆ. "ಕಾಫಿ ಬಿದ್ರೆ ಚಾಕೊಲೇಟ್ ರುಚಿ ಎದ್ದು ಬರುತ್ತೆ ಅಂತಾರೆ. ಮೊದಲು ನನಗೂ ಗೊತ್ತಿತ್ತು" ಎನ್ನುತ್ತಾರೆ. ಹೇಳುವಾಗ ಕೈ ನಿಲ್ಲುವುದಿಲ್ಲ.

ಓವನ್ ಚಿಕ್ಕದು, ಒಂದು ಸಲಕ್ಕೆ ಒಂದೇ ಟಿನ್ನು ಹಿಡಿಯುತ್ತದೆ. ದೊಡ್ಡ ಕೇಕಾದರೆ ಪದರ ಪದರವಾಗಿ ಬೇಯಿಸಿ ಒಂದರ ಮೇಲೊಂದು ಪೇರಿಸಬೇಕು. ಬೆಂದಿತೇ ಇಲ್ಲವೇ ಎಂದು ಮೂಗು ಹೇಳದ ಮೇಲೆ ಕಿವಿಯೇ ಹೇಳಬೇಕು. ಟಿನ್ನನ್ನು ಬಟ್ಟೆಯಲ್ಲಿ ಹಿಡಿದು ಹೊರಗೆ ತೆಗೆದು, ಮುಖ ಓರೆ ಮಾಡಿ, ಕೆನ್ನೆ ಸುಡುವಷ್ಟು ಹತ್ತಿರ ಹಿಡಿಯುತ್ತಾರೆ.

"ಹಸಿ ಇದ್ರೆ ಒಳಗೆ ಚಿಟಿಚಿಟಿ ಅಂತಿರುತ್ತೆ. ಬೆಂದ್ಮೇಲೆ ಸುಮ್ಮನಾಗುತ್ತೆ."

"ಈ ಮನೇಲಿ ಸುಮ್ಮನಾಗೋದು ಅದೊಂದೇ" ಎಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ಅತ್ತೆ ಹೇಳುತ್ತಾರೆ.

ಅತ್ತೆಗೆ ಎಪ್ಪತ್ತು ದಾಟಿದೆ. ಶಾಲು ಹೊದ್ದು, ಕಾಲಡಿಗೆ ಖಾಲಿ ಹಿಟ್ಟಿನ ಚೀಲ ಹಾಸಿಕೊಂಡು ಕೂತಿದ್ದಾರೆ. ಕೇಕಕ್ಕನ ಗಂಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ಇಲ್ಲಿ ಕೇಕು ಆರಿರುತ್ತದೆ. ಮನೆಯಲ್ಲಿ ಇರುವುದು ಈ ಮೂವರೇ.

ಮೂರು ವರ್ಷದ ಹಿಂದೆ ಒಂದು ಜ್ವರ ಬಂತು. ಎಲ್ಲರಿಗೂ ಬಂದಂತೆ ಬಂದು ಎಲ್ಲರನ್ನೂ ಬಿಟ್ಟಂತೆ ಬಿಟ್ಟು ಹೋಯಿತು. ಹೋಗುವಾಗ ಕೇಕಕ್ಕನ ಮೂಗು, ನಾಲಿಗೆ ಎರಡನ್ನೂ ಕಟ್ಟಿಕೊಂಡು ಹೋಯಿತು. ಕೆಲವು ವಾರದಲ್ಲಿ ವಾಪಸು ಬರುತ್ತದೆ ಎಂದರು ಡಾಕ್ಟರು. ಆಮೇಲೆ ಕೆಲವು ತಿಂಗಳು ಎಂದರು. ಆಮೇಲೆ ಏನೂ ಹೇಳಲಿಲ್ಲ. "ಕೇಕ್ ಮಾಡ್ತಿದ್ರೆ ಇಡೀ ಮೆಟ್ಟಿಲಿಗೆ ವಾಸನೆ ಬರುತ್ತಂತೆ. ನಾನೊಬ್ಬಳು ಬಿಟ್ಟು ಎಲ್ಲರಿಗೂ" ಎನ್ನುತ್ತಾರೆ ಕೇಕಕ್ಕ.

ಕಸುಬು ಬಿಡುವಂತಿರಲಿಲ್ಲ. ಲಿಫ್ಟಿನ ಸಂಬಳ ಬಾಡಿಗೆಗೆ, ಅತ್ತೆಯ ಔಷಧಿಗೆ ಸರಿಹೋಗುತ್ತದೆ. ಉಳಿದ ಬದುಕೆಲ್ಲ ಕೇಕಿನದು. ಬೇರೆಯವರ ನಾಲಿಗೆ ಬೇಕಾಯಿತು. ಮೊದಲು ಗಂಡನನ್ನು ಕೇಳಿದರು. ಅವರೋ, ತಳ ಹತ್ತಿದ ಕೇಕು ಕೊಟ್ಟರೂ ಚೆನ್ನಾಗಿದೆ ಎನ್ನುವವರು. "ಒಳ್ಳೇ ಮನುಷ್ಯ. ಆ ಒಳ್ಳೇತನ ಇಟ್ಕೊಂಡು ವ್ಯಾಪಾರ ಮಾಡೋಕಾಗಲ್ಲ."

ಉಳಿದವರು ಅತ್ತೆ. ಅವರ ಬಾಯಿಗೆ ಹೆದರಿ ನೆಂಟರು ಈ ಮನೆಯಲ್ಲಿ ಒಂದು ಹೊತ್ತಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಸೊಸೆ ಬಂದ ಹೊಸದರಲ್ಲಿ ಕಾಫಿ ಕೊಟ್ಟರೆ, "ಪಾತ್ರೆ ತೊಳೆದ ನೀರು ಸಿಂಕಿಗೆ ಹಾಕು, ಲೋಟಕ್ಕಲ್ಲ" ಎಂದವರು. ಸಕ್ಕರೆ ಕಾಯಿಲೆ ಇದ್ದರೂ ರುಚಿ ನೋಡಿ ಉಗುಳಲು ಪಕ್ಕದಲ್ಲಿ ಒಂದು ಬಟ್ಟಲು ಇಟ್ಟುಕೊಂಡು ಕೂತರು. ಚಮಚ ಬಾಯಿಗಿಟ್ಟು ಕಣ್ಣು ಮುಚ್ಚುವರು. ಆಮೇಲೆ ತೀರ್ಪು. ಕೋಕೋ ಸೀದಿದೆ. ಉಪ್ಪು ಒಂದು ಚಿಟಿಕೆ ಕಮ್ಮಿ. ಇದನ್ನು ಯಾರಿಗಾದರೂ ಕೊಟ್ಟರೆ ನಾಳೆ ಮುಖ ಎತ್ತಿ ನಡೆಯೋಕಾಗಲ್ಲ, ಇನ್ನೊಂದು ಸಲ ಮಾಡು. ಮದುವೆಯಾದಾಗಿನಿಂದ ಕಣ್ಣೀರು ತರಿಸಿದ ಅದೇ ನಾಲಿಗೆಯಿಂದ ಮೂರು ವರ್ಷ ಈ ಮನೆ ನಡೆಯಿತು.

ಇಷ್ಟು ದುಡಿದರೂ ಕೇಕಕ್ಕನ ಕೈಯ ಕೇಕು ತಿಂದವರಿಗೆ ಅದು ಕೇಕಕ್ಕನದು ಎಂದು ಗೊತ್ತಿಲ್ಲ. ಗಿರಾಕಿಗಳು ತಮ್ಮದೇ ತಟ್ಟೆ ಹಿಡಿದುಕೊಂಡು ಬರುತ್ತಾರೆ. ರಟ್ಟಿನ ಡಬ್ಬಿ ಬೇಡ, ಚೀಟಿ ಬೇಡ. ತಟ್ಟೆಯಲ್ಲಿ ಕೂರಿಸಿಕೊಂಡು, ಮೇಲೆ ಪಾತ್ರೆ ಬೋರಲು ಹಾಕಿ, ಮನೆಗೆ ಹೋಗಿ "ನಾನೇ ಮಾಡಿದ್ದು" ಎನ್ನುತ್ತಾರೆ. ಗಂಡನ ಹುಟ್ಟುಹಬ್ಬ, ಮಗಳು ಪಾಸಾದ ಸಂತೋಷ, ಅತ್ತೆ ಮಾವನ ಮದುವೆಯ ವರ್ಷ. ಅಂಗಡಿಯ ಕೇಕು ಯಾರು ಬೇಕಾದರೂ ತರಬಹುದು. ಮನೆಯಲ್ಲಿ ಮಾಡಿದ್ದಕ್ಕೆ ತೂಕ ಬೇರೆ.

ಅದಕ್ಕೇ ಇಲ್ಲಿ ಕೊನೆಯ ಕೆಲಸ ಕೆಡಿಸುವುದು. ಕೇಕಿನ ಮೇಲೆ ಚಾಕೊಲೇಟ್ ಕ್ರೀಮನ್ನು ಗಾಜಿನಂತೆ ನುಣುಪು ಮಾಡಿದ ಮೇಲೆ, ಚಮಚದ ಬೆನ್ನಿನಿಂದ ಅಲ್ಲಲ್ಲಿ ಒತ್ತುತ್ತಾರೆ. ಒಂದು ಬದಿ ತುಸು ಇಳಿಸುತ್ತಾರೆ. "ತೀರಾ ನುಣುಪಿದ್ರೆ ಯಾರೂ ನಂಬಲ್ಲ. ಚೆಂದ ಮಾಡೋಕೆ ಅರ್ಧ ಗಂಟೆ ಸಾಕು, ಕೆಡಿಸೋಕೆ ಒಂದು ಗಂಟೆ ಬೇಕು. ಬೇಕಂತಲೇ ಕೆಡಿಸಿದ್ದು ಅಂತ ಗೊತ್ತಾಗಬಾರದಲ್ಲ."

ಹೀಗೆ ಬಂದವರಲ್ಲಿ ಒಬ್ಬರು ಬ್ಯಾಂಕಿನ ಮೇಡಂ. ಕಳೆದ ತಿಂಗಳ ಒಂದು ಭಾನುವಾರ ಅವರ ಅತ್ತೆ ಮಾವನ ಮದುವೆಗೆ ಐವತ್ತು ತುಂಬುವುದಿತ್ತು. ನಾಲ್ಕು ಕಿಲೋದ ಕೇಕು, ಊರೂರಿನಿಂದ ನೆಂಟರು. ಕೇಕಕ್ಕ ಹಿಂದಿನ ಸಂಜೆಯೇ ಪದರಗಳನ್ನು ಬೇಯಿಸಿಟ್ಟು, ನಸುಕಿನಲ್ಲಿ ಎದ್ದು ಬೆಣ್ಣೆ, ಚಾಕೊಲೇಟಿನ ಕ್ರೀಮು ಕಲಸಿ, ಬಳಿದು ಕೇಕು ಪೇರಿಸಿದರು. ಪದರದ ಅಂಚಿನ ಚೂರು, ಕ್ರೀಮು ಎರಡನ್ನೂ ಮೊದಲ ಚಮಚದಲ್ಲಿ ಅತ್ತೆಗೆ ಕೊಟ್ಟರು.

"ಸರಿಯಾಗಿದೆ. ಕಳಿಸು" ಎಂದರು ಅತ್ತೆ.

ಕೇಕಕ್ಕ ನಿಂತಲ್ಲೇ ನಿಂತರು. "ಚಮಚ ಬಾಯಿಂದ ತೆಗೆಯೋ ಮೊದಲೇ ಸರಿ ಅಂದ್ರು. ಕಣ್ಣು ಮುಚ್ಚಲೇ ಇಲ್ಲ. ಆವಾಗ ಹೊಳೀತು, ಇವರು ನನ್ನ ಬೈದು ಎಷ್ಟು ದಿನ ಆಯ್ತು ಅಂತ. ನಾನು ನನ್ನ ಕೈ ಪಳಗಿದೆ ಅಂದ್ಕೊಂಡಿದ್ದೆ."

ಅವರು ಮಾಡಿದ ಕೆಲಸ ಅವರಿಗೇ ಇಷ್ಟವಾದದ್ದಲ್ಲ. ಬೆನ್ನು ತಿರುಗಿಸಿ, ಇನ್ನೊಂದು ಚಮಚ ಕ್ರೀಮಿಗೆ ಉಪ್ಪಿನ ಡಬ್ಬಿಯಿಂದ ಧಾರಾಳವಾಗಿ ಉಪ್ಪು ಬೆರೆಸಿದರು. "ಇದನ್ನೂ ನೋಡಿ ಅತ್ತೆ, ಸಕ್ಕರೆ ಜಾಸ್ತಿ ಆಯ್ತೇನೋ."

ಅತ್ತೆ ನೋಡಿದರು. ನಾಲಿಗೆ ಆಡಿಸಿದರು. "ಸ್ವಲ್ಪ ಜಾಸ್ತಿನೇ. ಪರವಾಗಿಲ್ಲ, ಮಕ್ಕಳು ತಿಂತಾವೆ."

ಕೇಕಕ್ಕ ಉಪ್ಪಿನ ಡಬ್ಬಿಯನ್ನು ಅತ್ತೆಗೆ ಕಾಣುವಂತೆ ಕಟ್ಟೆಯ ಮೇಲೆ ಇಟ್ಟರು. ಅತ್ತೆ ಡಬ್ಬಿ ನೋಡಿದರು, ಚಮಚ ನೋಡಿದರು, ಚಮಚವನ್ನು ಬಟ್ಟಲಿಗೆ ಹಾಕಿದರು.

"ಯಾವಾಗಿಂದ?"

"ಸಕ್ಕರೆ ಕಾಯಿಲೆಗೆ ಆ ಹೊಸ ಮಾತ್ರೆ ಶುರುವಾದಾಗಿಂದ. ಏನು ತಿಂದ್ರೂ ಕಬ್ಬಿಣ ನೆಕ್ಕಿದ ಹಾಗೆ. ಮೂಗು ಮೊದಲೇ ಮಂದ, ನಿನಗೆ ಗೊತ್ತಲ್ಲ."

"ಹೇಳ್ಬೇಕಲ್ವಾ ಅತ್ತೆ."

"ಹೇಳಿದ್ರೆ ಬೆಳಿಗ್ಗೆ ನನ್ನನ್ನ ಯಾಕೆ ಎಬ್ಬಿಸ್ತಿದ್ದೆ?"

ಕೇಕಕ್ಕ ಚೂರು, ಕ್ರೀಮು ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿದರು. ಬೀದಿಯಲ್ಲಿ ಆ ಹೊತ್ತಿಗೆ ಬಾಗಿಲು ತೆರೆಯುವುದು ಸೈಕಲ್ ರಿಪೇರಿ ಅಂಗಡಿ ಒಂದೇ. ಅಂಗಡಿಯ ಮುದುಕನಿಗೆ ಪಂಕ್ಚರ್ ಮಾವ ಎಂದೇ ಹೆಸರು. ಕೈ ಒರೆಸಿಕೊಂಡು ತಿಂದ ಪಂಕ್ಚರ್ ಮಾವ, ಹೇಳಲೋ ಬೇಡವೋ ಎಂಬಂತೆ ಟಯರು ನೋಡುತ್ತ ನಿಂತ.

"ಬಿಟ್ಟಿ ಕೊಟ್ಟಿದ್ದಕ್ಕೆ ಹೆಸರಿಡಬಾರದು ತಾಯಿ."

"ಇಡು ಮಾವ. ಅದಕ್ಕೇ ತಂದಿದ್ದು."

"ಕಮಟು. ಹಳೇ ಎಣ್ಣೆ ಡಬ್ಬಿ ತಳ ಬಳಿದು ಹಾಕಿದ ಹಾಗಿದೆ."

ಬೆಣ್ಣೆ ಕೆಟ್ಟಿತ್ತು. ಬೆಣ್ಣೆ ಮಾರಿದ ಅಂಗಡಿಯವನ ಫ್ರಿಜ್ಜು ಎರಡು ದಿನ ಕೆಟ್ಟು ನಿಂತಿತ್ತೆಂದು ಆಮೇಲೆ ಗೊತ್ತಾಯಿತು. ಬಣ್ಣ ಸರಿಯಾಗೇ ಇತ್ತು, ಕೈಗೂ ಮೆತ್ತಗೇ ಇತ್ತು. ಕಣ್ಣು, ಕೈ, ಕಿವಿ ಮೂರಕ್ಕೂ ಸಿಗದೆ ತಪ್ಪಿಸಿಕೊಳ್ಳುವುದು ಕಮಟು ಒಂದೇ.

ಬ್ಯಾಂಕಿನ ಮೇಡಂ ತಟ್ಟೆ ಹಿಡಿದು ಬಂದರು. ಹಿಂದಿನ ದಿನದಿಂದ ಮನೆಯಲ್ಲಿ ಓವನ್ ಕೆಟ್ಟಿದೆ, ಗೆಳತಿಯ ಮನೆಯಲ್ಲಿ ಬೇಯಿಸುತ್ತೇನೆ ಎಂದು ತಮ್ಮ ಮನೆಯವರ ಮುಂದೆ ಹೇಳಿಕೊಂಡಿದ್ದರು. ಬಟ್ಟೆಯ ಮೇಲೆ ಒಂದಿಷ್ಟು ಮೈದಾ ಹಿಟ್ಟನ್ನೂ ಉದುರಿಸಿಕೊಂಡು ಬಂದಿದ್ದರು. ಕೇಕಕ್ಕ ಇದ್ದದ್ದು ಇದ್ದಂತೆ ಹೇಳಿದರು. ಬೆಣ್ಣೆಯ ವಿಷಯ, ತನ್ನ ನಾಲಿಗೆಯ ವಿಷಯ. ಅತ್ತೆಯ ವಿಷಯ ಮಾತ್ರ ಹೇಳಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ರುಚಿ ನೋಡದೇ ಕೊಟ್ರಾ ನಮಗೆ?"

"ನೋಡಿಸಿ ಕೊಟ್ಟಿದೀನಿ ಮೇಡಂ. ಇವತ್ತಿಂದು ತಪ್ಪಿತು."

"ನೋಡೋಕೆ ಚೆನ್ನಾಗೇ ಇದೆಯಲ್ಲ ಅಕ್ಕ. ಕೊಟ್ಬಿಡಿ. ಫೋಟೋ ಆದ್ಮೇಲೆ ಯಾರು ಎಷ್ಟು ತಿಂತಾರೆ?"

"ಐವತ್ತು ವರ್ಷ ಜೊತೆಗಿದ್ದೋರು ಮೊದಲ ತುಂಡು ತಿಂತಾರಲ್ಲ ಮೇಡಂ. ಬೇಡ. ಒಳಗೆ ಬನ್ನಿ, ಹೊಸ ಬೆಣ್ಣೆ ತಂದು ಒಂದು ಚಿಕ್ಕದು ಮಾಡ್ಕೊಡ್ತೀನಿ."

"ನಾಲ್ಕು ಕಿಲೋ ಅಂತ ಎಲ್ಲರಿಗೂ ಹೇಳಿದೀನಿ" ಎಂದು ಮೇಡಂ ಖಾಲಿ ತಟ್ಟೆ ಹಿಡಿದು ಇಳಿದು ಹೋದರು. ಆ ಮನೆಯಲ್ಲಿ ಅವತ್ತು ಏನಾಯಿತು, ಯಾವ ಕೇಕು ಕತ್ತರಿಸಿದರು ಎಂಬುದು ಈ ಮನೆಗೆ ತಿಳಿದಿಲ್ಲ.

ಕೆಟ್ಟ ಕೇಕನ್ನು ಗಂಡ ಪಾಳಿ ಮುಗಿಸಿ ಬಂದು ಕೆಳಗೆ ಒಯ್ದು ಕಸಕ್ಕೆ ಹಾಕಿದರು. ಹಾಕುವ ಮೊದಲು ಒಂದು ಚೂರು ಬಾಯಿಗಿಟ್ಟು, "ಅಷ್ಟೇನೂ ಕೆಟ್ಟಿಲ್ಲ ಕಣೇ" ಎಂದರಂತೆ.

ಅವತ್ತಿನಿಂದ ಕೇಕಕ್ಕ ಎಲ್ಲ ಗಿರಾಕಿಗಳಿಗೂ ಮೊದಲೇ ಹೇಳುತ್ತಾರೆ. ನನಗೆ ರುಚಿ ಗೊತ್ತಾಗಲ್ಲ, ಬೇರೆಯವರಿಂದ ನೋಡಿಸಿ ಕೊಡುತ್ತೇನೆ, ಬೇಕಾದರೆ ನೀವೇ ಬಂದು ಒಂದು ಚಮಚ ನೋಡಿ ಎಂದು. ಹೇಳಿ ಹೇಳಿ ಗಂಟಲು ಸೋತಿದೆ. ಕೆಲವರು ನಕ್ಕು ತಟ್ಟೆ ಇಟ್ಟು ಹೋಗುತ್ತಾರೆ. ಇನ್ನು ಕೆಲವರು "ಅದರಲ್ಲೇನಿದೆ ಅಕ್ಕ" ಎಂದು ಕೈ ಹಿಡಿದು ಹೇಳುತ್ತಾರೆ, ಮತ್ತೆ ಬರುವುದಿಲ್ಲ.

ರುಚಿ ನೋಡುವ ಕೆಲಸ ಈಗ ಪಂಕ್ಚರ್ ಮಾವನದು. ಇದು ಅತ್ತೆಗೆ ಸಹಿಸದ ಸಂಗತಿ. "ಗ್ರೀಸು, ಬೀಡಿ ಬಿಟ್ರೆ ಬೇರೆ ರುಚಿ ಕಂಡಿದೆಯಾ ಆ ನಾಲಿಗೆ" ಎಂದು ಮೆಟ್ಟಿಲಿಗೆಲ್ಲ ಕೇಳುವಂತೆ ಹೇಳುತ್ತಾರೆ. ಹಾಗಿದ್ದರೂ ನಸುಕಿನಲ್ಲಿ ಸೊಸೆ ಮೊದಲು ಎಬ್ಬಿಸುವುದು ಅತ್ತೆಯನ್ನೇ. ಯಾಕೆಂದು ಕೇಳಿದರೆ ಕೇಕಕ್ಕ ಕೋಕೋ ಜರಡಿ ಹಿಡಿಯುತ್ತಾರೆ. "ಮೊಟ್ಟೆ ಒಡೆದು ಕೊಡ್ತಾರೆ. ಸಿಪ್ಪೆ ಬೀಳಿಸಲ್ಲ. ಅಷ್ಟು ಸಾಕು."

ಇಂದಿನ ಕೇಕು ಬೆಂದಿದೆ. ಕೇಕಕ್ಕ ಬೋರಲು ಹಾಕಿದ ಹಿಟ್ಟಿನ ಡ್ರಮ್ಮಿನ ಮೇಲೆ ಕುಳಿತು ಊದಿದ ಪಾದಗಳನ್ನು ತಣ್ಣನೆಯ ನೆಲಕ್ಕೆ ಒತ್ತುತ್ತಾರೆ. ಮುಂದೆ ಏನು ಆಸೆ ಎಂದು ಕೇಳಿದರೆ ಓವನ್ನಿನ ಕಡೆ ನೋಡುತ್ತ ಹೇಳುತ್ತಾರೆ. "ಒಳ್ಳೇ ವಾಸನೆ ಬರದಿದ್ರೂ ಪರವಾಗಿಲ್ಲ. ಕಮಟು ವಾಸನೆ ಒಂದು ಬಂದ್ರೆ ಸಾಕು. ಕೆಟ್ಟಿದ್ದು ಗೊತ್ತಾದ್ರೆ ಒಳ್ಳೇದನ್ನ ನಾನು ಲೆಕ್ಕದ ಮೇಲೆ ಮಾಡ್ಕೋತೀನಿ."

"ಅವತ್ತಿಂದ ಎಲ್ಲರ ಹತ್ರ ಹೇಳದೆ ನೀನು ಬಾಯಿ ಮುಚ್ಕೊಂಡಿದ್ರೆ ಆ ಬ್ಯಾಂಕಿನವಳು ಒಬ್ಬಳೇ ಹೋಗ್ತಿದ್ಲು" ಎನ್ನುತ್ತಾರೆ ಅತ್ತೆ, ಮೊಟ್ಟೆಯ ಸಿಪ್ಪೆಗಳನ್ನು ಒಂದರೊಳಗೊಂದು ಸೇರಿಸುತ್ತ.

"ನೀವು ಬಾಯಿ ಮುಚ್ಕೊಂಡಿದ್ದಕ್ಕೇ ಅವಳು ಹೋಗಿದ್ದು ಅತ್ತೆ."

ಇಬ್ಬರೂ ನಗುವುದಿಲ್ಲ. ಜಗಳವೂ ಆಡುವುದಿಲ್ಲ. ಇನ್ನೊಂದು ಟಿನ್ನು ಓವನ್ನಿಗೆ ಹೋಗುತ್ತದೆ. ಖಾಯಂ ಗಿರಾಕಿಗಳು ಹನ್ನೊಂದು ಮನೆಯವರಿದ್ದರು. ಐದು ಮನೆಯವರು ಬಿಟ್ಟಿದ್ದಾರೆ.