ಲೈನ್ ತೆಗೆಯುವ ಕೂಗು

ಆನ್‌ಲೈನ್‌ನಲ್ಲಿ ತರಿಸಿದ ಅಂಗೈಯಗಲದ ಆಟದ ಯಂತ್ರ ಚಾರ್ಜಿಗೆ ಇಟ್ಟಲ್ಲೇ ಬಿಸಿಯಾಗಿತ್ತು. ಕೈಗೆತ್ತಿಕೊಂಡರೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಅದರ ಹೊಟ್ಟೆಯಲ್ಲಿ ಹಳೆಯ ಟೀವಿ ಗೇಮುಗಳು ಸಾವಿರಗಟ್ಟಲೆ ಇವೆ. ಎಮ್ಯುಲೇಟರ್ ಅನ್ನುತ್ತಾರೆ ಇದಕ್ಕೆ. ಎಂದೋ ನಿಂತುಹೋದ ಯಂತ್ರಗಳ ಹಾಗೆ ಇದು ನಟಿಸುತ್ತದೆ, ಆಟಗಳು ನಂಬಿ ಓಡುತ್ತವೆ. ಮದುವೆ, ಕಾಲೇಜು ಗ್ಯಾದರಿಂಗುಗಳಲ್ಲಿ ಮಂದಿಯ ಧ್ವನಿ ತೆಗೆದು, ಮಿಮಿಕ್ರಿ ಮಾಡಿ ಬದುಕುವ ನನಗೆ ಇದು ನಮ್ಮ ಮನೆತನದ್ದೇ ಅನ್ನಿಸಿತ್ತು. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅದರ ಮೆಮೊರಿ ಕಾರ್ಡ್ ಕಿತ್ತು ಮೂರು ಸಲ ಉಫ್ ಎಂದು ಊದಿದೆ. ಊದಿ, ತಲೆ ತಗ್ಗಿಸಿ ಕೂತೆ.

ಹಾಗೆ ಊದುತ್ತಿದ್ದವರು ಸುರಪುರದ ನಮ್ಮ ಓಣಿಯ ಗೇಮ್ ಅಂಗಡಿ ಕಾಕಾ. ಅಂಗಡಿಯೆಂದರೆ ಅವರ ಮನೆಯ ಮುಂದಿನ ಕೋಣೆ, ಒಂದು ಟೀವಿ, ಒಂದು ಗೇಮಿನ ಸೆಟ್, ಹರಿದ ಚಾಪೆ. ಗೇಮಿನ ಕ್ಯಾಸೆಟ್ಟಿಗೆ ಧೂಳು ಹೋಗಲೆಂದು ಮೂರು ಸಲ ಊದಿ, ಹಣೆಗೆ ಮುಟ್ಟಿಸಿಕೊಂಡೇ ಸೆಟ್ಟಿಗೆ ಹಾಕುತ್ತಿದ್ದರು. ನಾನು ಅದನ್ನೂ ನಕಲು ಮಾಡುತ್ತಿದ್ದೆ. ನಮ್ಮ ಹೆಡ್‌ಮಾಸ್ತರರು, ನಮ್ಮ ಅಜ್ಜಿ, ಅಜ್ಜಿಯ ಎಮ್ಮೆ... ಯಾರನ್ನೂ ಬಿಟ್ಟವನಲ್ಲ. ಕಾಕಾ ನಕ್ಕು, "ಲೇ, ನೀನು ಯಾರಂಗ ಅದಿ ಅಂತ ಒಂದಿನರ ತೋರ್ಸೋ" ಅನ್ನುತ್ತಿದ್ದರು.

ಹುಡುಗರು ಕಡಿಮೆಯಿದ್ದಾಗ ಕಾಕಾ ತಾವೇ ಆಡಲು ಕೂರುತ್ತಿದ್ದರು. ಒಂದೇ ಆಟ. ಕಡೆಗೊಂದು ಕೋಟೆ. ಅಲ್ಲಿಯವರೆಗೆ ಹೋಗಿ ಸಾಯುವುದು ಅವರಿಗೆ ರೂಢಿಯಾಗಿತ್ತು. "ಆ ಕ್ವಾಟಿ ಹಿಂದ ಏನೈತಿ ಅಂತ ನೋಡೇ ಬಿಡೂದು" ಎನ್ನುವುದು ಅವರ ಹಟ. ಆಗಿನ ಆಟಗಳನ್ನು ನಡುವೆ ಉಳಿಸಿಡಲು ಬರುತ್ತಿರಲಿಲ್ಲ. ಸೆಟ್ ಬಂದ್ ಆದರೆ ಮತ್ತೆ ಮೊದಲಿನಿಂದ.

ಆ ಸೆಟ್ಟನ್ನು ಕಾಯುತ್ತಿದ್ದವರು ಒಬ್ಬ ಲೈನ್‌ಮನ್. ಕರೆಂಟ್ ತೆಗೆಯುವ ಮುಂಚೆ ಓಣಿಗೆ ಬಂದು, ದವಡೆಯಲ್ಲಿ ತಂಬಾಕು ಇಟ್ಟುಕೊಂಡೇ, "ಲೈನ್ ತೆಗಿತೀನ್ರೆಪೋ... ಟೀವಿ ಬಂದ್ ಮಾಡ್ಕೊಳ್ರೀ" ಎಂದು ಕೂಗುತ್ತಿದ್ದರು. ಕರೆಂಟ್ ಮರಳಿ ಬರುವಾಗ ಜೋರಾಗಿ ಬಂದು ಟೀವಿ ಸುಡುವುದು ನಮ್ಮಲ್ಲಿ ಇದ್ದದ್ದೇ. ಕೂಗು ಕೇಳಿದರೆ ಸಾಕು, ಕಾಕಾ ಹಿಂದೆಮುಂದೆ ನೋಡದೆ ಪ್ಲಗ್ ಕೀಳುತ್ತಿದ್ದರು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, ಒಂದು ಭಾನುವಾರದ ಮಧ್ಯಾಹ್ನ ಕಾಕಾ ಕೋಟೆಯ ಕೊನೆಯ ಬಾಗಿಲಿಗೆ ಬಂದಿದ್ದರು. ಅಷ್ಟು ದೂರ ಅವರು ಎಂದೂ ಹೋಗಿರಲಿಲ್ಲ. ಹುಡುಗರೆಲ್ಲ ಟೀವಿಯನ್ನೇ ನೋಡುತ್ತಿದ್ದರು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಅಷ್ಟೇ ಕಾರಣ. ಮೆಲ್ಲಗೆ ಹೊರಗೆ ಹೋಗಿ, ಗೋಡೆಯ ಮರೆಯಲ್ಲಿ ನಿಂತು, ದವಡೆಗೆ ನಾಲಿಗೆ ಒತ್ತಿ, ಲೈನ್ ತೆಗೆಯುವ ಕೂಗು ಹಾಕಿದೆ.

ಕಾಕಾ ಪ್ಲಗ್ ಕಿತ್ತರು.

ಒಳಗೆ ಬಂದಾಗ ಫ್ಯಾನ್ ತಿರುಗುತ್ತಲೇ ಇತ್ತು. ಕಾಕಾ ಫ್ಯಾನನ್ನೂ ಕಪ್ಪಾದ ಟೀವಿಯನ್ನೂ ಸರದಿಯಂತೆ ನೋಡುತ್ತಿದ್ದರು. ನನ್ನೊಳಗೆ ಮೊದಲು ಎದ್ದದ್ದು ನಾಚಿಕೆಯಲ್ಲ, ಹೆಮ್ಮೆ. ಅದನ್ನು ಬರೆಯಲು ಈಗ ಕೈ ಏಳುತ್ತಿಲ್ಲ.

ಅಷ್ಟರಲ್ಲಿ ಲೈನ್‌ಮನ್ ಸೈಕಲ್ ಮೇಲೆ ಬಂದೇಬಿಟ್ಟರು, ಚಹಾದ ಹೊತ್ತಿಗೆ.

"ಯಾಕಪಾ, ಲೈನ್ ತೆಗಿತೀನಂತ ಒದರಿದಿ, ಎಲ್ಲಿ ತೆಗದಿ?" ಎಂದರು ಕಾಕಾ.

"ನಾ ಒದರೇ ಇಲ್ರಿ ಕಾಕಾ. ಈಗರ ಬರಾಕತ್ತೀನಿ."

"ನಿನ್ನ ಧ್ವನಿ ನನಗ ಗೊತ್ತಾಗಂಗಿಲ್ಲೇನು? ಸುಳ್ಳು ಬ್ಯಾರೆ ಹೇಳ್ತಿ."

ಹುಡುಗರ ಮುಂದೆ, ಓಣಿಯ ಮುಂದೆ, ಲೈನ್‌ಮನ್ ಸುಳ್ಳ ಅನ್ನಿಸಿಕೊಂಡರು. ನಾನು ಹೊರಗಿನಿಂದ ಬಂದದ್ದನ್ನು ಕಂಡಿದ್ದ ಗೆಳೆಯ ನನ್ನ ಪಕ್ಕೆ ತಿವಿದು, "ಹೇಳಲೇ, ನಾನಂತ ಹೇಳು" ಎಂದ. "ನಾಳೆ ಹೇಳ್ತೀನಿ" ಎಂದೆ. ಲೈನ್‌ಮನ್ ಸೈಕಲ್ ತಿರುಗಿಸಿಕೊಂಡು, "ಆತ್ರಿ. ಇನ್ಮ್ಯಾಗ ಈ ಓಣ್ಯಾಗ ನನ್ನ ಧ್ವನಿ ಕೇಳಂಗಿಲ್ಲ ನಿಮಗ" ಎಂದು ಹೋದರು.

ಕೇಳಿಸಲೂ ಇಲ್ಲ. ಅವರು ಸದ್ದಿಲ್ಲದೆ ಬಂದು, ಸದ್ದಿಲ್ಲದೆ ಲೈನ್ ತೆಗೆದು ಹೋಗತೊಡಗಿದರು. ನನ್ನ ನಾಳೆ ಮಾತ್ರ ದಿನಾ ಮುಂದಕ್ಕೆ ಹೋಯಿತು. ನಾಲ್ಕೈದು ತಿಂಗಳ ಮೇಲೆ ಒಂದು ದಿನ ಕೂಗಿಲ್ಲದೆ ಹೋದ ಕರೆಂಟ್ ಧಡಕ್ಕನೆ ಮರಳಿತು. ಟೀವಿಯೂ ಸುಟ್ಟುಹೋಯಿತು, ಸೆಟ್ಟೂ ಸುಟ್ಟುಹೋಯಿತು. ಕೋಣೆಯ ತುಂಬ ಅದೇ ವಾಸನೆ. ಕಾಕಾ ಕ್ಯಾಸೆಟ್ ಹೊರಗೆ ತೆಗೆದು ಮೂರು ಸಲ ಊದಿದರು, ಹಣೆಗೆ ಮುಟ್ಟಿಸಿಕೊಂಡು ಮತ್ತೆ ಹಾಕಿದರು... ಎಲ್ಲರ ನಕಲು ಮಾಡುವ ನಾನು ಆ ಊದುವಿಕೆಯನ್ನು ಅಂದಿನಿಂದ ನಕಲು ಮಾಡಲಿಲ್ಲ. ಅಂಗಡಿ ಮತ್ತೆ ತೆರೆಯಲಿಲ್ಲ. ಕಾಕಾ ಮಗಳ ಮನೆಗೆಂದು ನಾರಾಯಣಪುರಕ್ಕೆ ಹೋದರು.

ವರ್ಷಗಳ ನಂತರ ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಗಣಪತಿ ಕಾರ್ಯಕ್ರಮಕ್ಕೆ ಮಿಮಿಕ್ರಿ ಮಾಡಲು ಹೋಗಿದ್ದೆ. ಮುಗಿದ ಮೇಲೆ ಮೊದಲ ಸಾಲಿನಿಂದ ಒಬ್ಬರು ಕೈಸನ್ನೆ ಮಾಡಿ ಕರೆದರು. ಕಾಕಾ. ತಲೆಯೆಲ್ಲ ಬೆಳ್ಳಗಾಗಿತ್ತು. ನನ್ನ ಕೈ ಹಿಡಿದುಕೊಂಡು, "ಎಲ್ಲಾರ ಧ್ವನಿ ತೆಗಿತಿ. ನಮ್ಮ ಲೈನ್‌ಮನ್ ಧ್ವನಿ ಒಂದ್ಸಲ ತೆಗಿಯೋ. ತೀರಿಕೊಂಡಾನಂತ. ಆವತ್ತಿನಿಂದ ಮಾತಾಡಸಲಿಲ್ಲ ನಾ ಅವನ್ನ..." ಎಂದರು.

ಧ್ವನಿ ಗಂಟಲಲ್ಲೇ ಇತ್ತು. ತೆಗೆದಿದ್ದರೆ ಅವರಿಗೆ ಎಲ್ಲ ತಿಳಿಯುತ್ತಿತ್ತು.

"ಅದು ನನಗ ಬರಂಗಿಲ್ರಿ ಕಾಕಾ" ಎಂದೆ.

"ಹೌದು ಬಿಡು" ಎಂದರು ಕಾಕಾ. "ಅವನ ಧ್ವನಿ ಯಾರಿಗೂ ಬರಂಗಿಲ್ಲ."

ಹೋದ ವರ್ಷ ಕಾಕಾ ಕೂಡ ತೀರಿಕೊಂಡರೆಂದು ಸುದ್ದಿ ಬಂತು. ನಾನು ಹೋಗಲಿಲ್ಲ, ಯಾದಗಿರಿಯಲ್ಲಿ ಕಾರ್ಯಕ್ರಮವಿದೆ ಎಂದೆ. ಇರಲಿಲ್ಲ.

ಈಗ ಶಹಾಪುರದ ನನ್ನ ಬಾಡಿಗೆ ಕೋಣೆಯಲ್ಲಿ ಕಾಕಾನ ಆ ಆಟ ಆಡುತ್ತೇನೆ. ಈ ಯಂತ್ರದಲ್ಲಿ ಎಲ್ಲಿ ಬೇಕಾದರೂ ಉಳಿಸಿಡಬಹುದು. ಸತ್ತರೆ ಅಲ್ಲಿಂದಲೇ ಏಳಬಹುದು. ಹಾಗೆ ಎದ್ದೆದ್ದೇ ಮೊನ್ನೆ ಕೋಟೆ ದಾಟಿದೆ. ಅದರ ಹಿಂದೆ ಏನೂ ಇಲ್ಲ. ಕಪ್ಪು ಪರದೆ, ಆಡಿದ್ದಕ್ಕೆ ಧನ್ಯವಾದ ಎಂಬ ಒಂದು ಸಾಲು, ಮತ್ತೆ ಆಟದ ಮೊದಲ ಹಂತ. ಇದನ್ನು ಹೇಳಿದ್ದರೆ ಕಾಕಾ ಬಿದ್ದು ಬಿದ್ದು ನಗುತ್ತಿದ್ದರು.

ಬಾಗಿಲು ಹಾಕಿ, ದವಡೆಗೆ ನಾಲಿಗೆ ಒತ್ತಿ, ಸಣ್ಣಗೆ ಕೂಗಿ ನೋಡಿದೆ. ಧ್ವನಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಫ್ಯಾನ್ ತಿರುಗುತ್ತಲೇ ಇತ್ತು.